ನಮ್ಮ ರೋಡಿಗೆ ನೀರು ಬಂದಿಲ್ಲ ಅಂದಿದ್ದೆ

ನನಗೆ ಇಲಿ ಜ್ವರ ಬಂದಿತ್ತು ಎಂದರೆ ಕೆಲವರು ಮೊದಲು ನಗುತ್ತಾರೆ. ಹಂದಿ ಜ್ವರ ಕೇಳಿದ್ದೇವೆ, ಹಕ್ಕಿ ಜ್ವರ ಕೇಳಿದ್ದೇವೆ, ಇದ್ಯಾವುದು ಮಾರಾಯರೇ ಎನ್ನುತ್ತಾರೆ. ಆಮೇಲೆ ಮೆಲ್ಲಗೆ ಕುರ್ಚಿಯನ್ನು ಹಿಂದಕ್ಕೆ ಎಳೆದುಕೊಳ್ಳುತ್ತಾರೆ. ನನ್ನಿಂದ ನಿಮಗೆ ಅಂಟುವುದಿಲ್ಲ ಎಂದು ಹೇಳಿ ಹೇಳಿ ನನಗೂ ಸಾಕಾಗಿದೆ. ಹೋದ ವರ್ಷ ಮಳೆಗಾಲದಲ್ಲಿ ಆ ಜ್ವರ ನನ್ನ ಎರಡೂ ಕಿಡ್ನಿಗಳನ್ನು ನಿಲ್ಲಿಸಿಬಿಟ್ಟಿತ್ತು. ಈಗ ಅವು ಕೆಲಸ ಮಾಡುತ್ತಿವೆ, ನಾನೂ ಕೆಲಸಕ್ಕೆ ಹೋಗುತ್ತಿದ್ದೇನೆ. ಕಾಯಿಲೆಯ ಬಗ್ಗೆ ಬರೆಯುವುದು ಕಷ್ಟವಲ್ಲ, ಅದು ವಾಸಿಯಾಯಿತು. ಅದರ ಜೊತೆಗೆ ನಾನು ಹೆಂಡತಿಗೆ ಹೇಳಿದ ಒಂದು ಸುಳ್ಳಿತ್ತು. ನಮ್ಮಿಬ್ಬರ ನಡುವೆ ಅದು ಮಾಡಿದ ಗಾಯ ಮಾಯುತ್ತದೋ ಇಲ್ಲವೋ ಎನ್ನುವುದು ಬಹಳ ದಿನ ನನಗೆ ಗೊತ್ತಿರಲಿಲ್ಲ. ಮನೆಗೆ ನೀರು ನುಗ್ಗಿದ ಮೇಲೆ ಒಬ್ಬರೇ ಕೆಸರು ಬಳಿಯುತ್ತಾ, ಫೋನಿನಲ್ಲಿ ಮಾತ್ರ 'ಏನಿಲ್ಲ, ಚೆನ್ನಾಗಿದೀನಿ' ಎನ್ನುವವರು ಇನ್ನೂ ಯಾರಾದರೂ ಇದ್ದಾರು. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನನ್ನ ಹೆಸರು ನಾಗರಾಜು. ವಯಸ್ಸು ನಲವತ್ತೆಂಟು. ತುಮಕೂರಿನ ಹತ್ತಿರ ವಸಂತನರಸಾಪುರದ ಒಂದು ಫ್ಯಾಕ್ಟರಿಯಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತೇನೆ. ಹೆಂಡತಿ ಗಿರಿಜ ಕುಣಿಗಲ್ಲಿನಲ್ಲಿ ಹೈಸ್ಕೂಲ್ ಟೀಚರ್. ತುಮಕೂರಿಗೆ ವರ್ಗಾವಣೆ ಸಿಗದೆ, ಅಲ್ಲೇ ಒಂದು ಸಣ್ಣ ಮನೆ ಬಾಡಿಗೆಗೆ ಹಿಡಿದು ಮಗಳ ಜೊತೆ ಇದ್ದಾಳೆ. ಶನಿವಾರ ಮಧ್ಯಾಹ್ನ ಇಬ್ಬರೂ ಬರುತ್ತಿದ್ದರು, ಸೋಮವಾರ ಬೆಳಗಿನ ಬಸ್ಸಿಗೆ ಹೊರಡುತ್ತಿದ್ದರು. ಉಳಿದ ದಿನ ಮನೆಯಲ್ಲಿ ನಾನು, ಕುಕ್ಕರು, ಟೀವಿ.

ತುಮಕೂರಿನ ಆ ಮನೆ ಕೊಂಡದ್ದು ನನ್ನ ಹಟಕ್ಕೆ. ನೋಡಲು ಹೋದ ದಿನವೇ ಗಿರಿಜ ರಸ್ತೆಯ ತುದಿಯಲ್ಲಿ ನಿಂತು ನಾಲ್ಕೂ ಕಡೆ ಕಣ್ಣಾಡಿಸಿದ್ದಳು.

"ಇದು ಕೆರೆ ಅಂಗಳ ಕಣ್ರೀ. ನೋಡಿ, ಎಲ್ಲಾ ಕಡೆಯಿಂದ್ಲೂ ಇಲ್ಲಿಗೇ ಇಳಿಜಾರು. ಬೇಡ."

"ನೀನು ಟೀಚರ್ರೋ ಇಂಜಿನಿಯರ್ರೋ?" ಅಂದಿದ್ದೆ. ಬ್ರೋಕರ್ ನಕ್ಕ, ನಾನೂ ನಕ್ಕೆ. ಗಿರಿಜ ನಗಲಿಲ್ಲ. ಆ ಮಾತನ್ನು ಮತ್ತೆ ಎತ್ತಲೂ ಇಲ್ಲ. ಎತ್ತಿ ಜಗಳವಾಡಿದ್ದರೆ ನಾನೂ ಒಂದಿಷ್ಟು ಕೂಗಾಡಿ ಸುಮ್ಮನಾಗುತ್ತಿದ್ದೆ. ಪ್ರತಿ ಮಳೆಗಾಲದಲ್ಲೂ ಅವಳು ಕಿಟಕಿಯಿಂದ ರಸ್ತೆ ನೋಡಿ ಸುಮ್ಮನೆ ಒಳಗೆ ಹೋಗುತ್ತಿದ್ದಳು. ಅದು ನನ್ನನ್ನು ಚುಚ್ಚುತ್ತಿತ್ತು.

ಹೋದ ವರ್ಷ ಕೆರೆ ತುಂಬಿ ಕೋಡಿ ಬಿತ್ತು. ಊರಿಗೆ ಊರೇ ನೋಡಲು ಹೋಯಿತು. ಹೆಂಗಸರು ಬಾಗಿನ ಬಿಟ್ಟರು, ಗಂಡಸರು ಸೆಲ್ಫಿ ತೆಗೆದುಕೊಂಡರು. ನಾನೂ ಸ್ಕೂಟರಿನಲ್ಲಿ ಹೋಗಿ ವಿಡಿಯೋ ಮಾಡಿ ಗಿರಿಜಳಿಗೆ ಕಳಿಸಿದೆ. ಮೂರನೇ ದಿನ ಬೆಳಗ್ಗೆ ಹಾಲು ತರೋಣವೆಂದು ಮಂಚದಿಂದ ಕಾಲು ಇಳಿಸಿದರೆ ಪಾದ ನೀರಿಗೆ ಬಿತ್ತು. ಚಪ್ಪಲಿ ತೇಲಿಕೊಂಡು ಅಡುಗೆಮನೆ ಕಡೆ ಹೋಗುತ್ತಿದ್ದವು. ನೋಡನೋಡುತ್ತಿದ್ದಂತೆ ನೀರು ಮೊಣಕಾಲಿಗೆ ಬಂತು. ಬರೀ ಕೆರೆಯ ನೀರಲ್ಲ, ರಸ್ತೆಯ ಚರಂಡಿಯೂ ಮೋರಿಯೂ ಅದರಲ್ಲೇ ಸೇರಿದ್ದವು. ಮನೆ ತುಂಬ ಗಬ್ಬು ವಾಸನೆ.

ಅಷ್ಟರಲ್ಲಿ ಫೋನು. ಗಿರಿಜ.

"ರೀ, ಟೀವೀಲಿ ತುಮಕೂರು ತೋರಿಸ್ತಿದಾರೆ. ಕಾರೆಲ್ಲಾ ಮುಳುಗೋಗಿವೆ. ನಮ್ಮನೆ ಏನಾಗಿದೆ?"

ನಾನು ಮಂಚದ ಮೇಲೆ ನಿಂತಿದ್ದೆ. ಮಗಳ ಹಳೆಯ ನೋಟ್‌ಬುಕ್ಕೊಂದು ನನ್ನ ಮುಂದೆಯೇ ತೇಲುತ್ತಿತ್ತು. ಬ್ರೋಕರನ ಎದುರು ನಾನು ನಕ್ಕಿದ್ದು ಆ ಕ್ಷಣದಲ್ಲೇ ನೆನಪಾಗಬೇಕೇ.

"ನಮ್ಮ ರೋಡಿಗೆ ಬಂದಿಲ್ಲ ಕಣೇ," ಅಂದೆ. "ಹಿಂದಿನ ರೋಡಿಗೆ ಬಂದಿದೆ. ಪಾಪ, ಅವ್ರ ಪಾಡು ನೋಡಕಾಗಲ್ಲ."

"ಸದ್ಯ," ಎಂದು ಅವಳು ಉಸಿರು ಬಿಟ್ಟಳು. ಆ ಉಸಿರು ಕೇಳಿ ನನಗೂ ಒಂದು ಥರ ಸಮಾಧಾನವಾಯಿತು. ಶನಿವಾರದೊಳಗೆ ಎಲ್ಲ ತೊಳೆದು, ಒರೆಸಿ, ಒಂದು ಕೈ ಬಣ್ಣ ಹೊಡೆಸಿದರೆ ಯಾರಿಗೂ ತಿಳಿಯುವುದಿಲ್ಲ ಎಂದು ಲೆಕ್ಕ ಹಾಕಿದೆ. ಅಷ್ಟರಲ್ಲಿ ಆಗುವುದಿಲ್ಲವೆಂದು ಗೊತ್ತಾದ ಮೇಲೆ, ಬಸ್ಸುಗಳು ಸರಿಯಾಗಿ ಓಡಾಡುತ್ತಿಲ್ಲ, ಈ ವಾರ ಬರಬೇಡಿ ಅಂದೆ. ಅದೂ ಪೂರ್ತಿ ನಿಜವಾಗಿರಲಿಲ್ಲ. ಮುಂದಿನ ವಾರಕ್ಕೂ ಇನ್ನೊಂದು ನೆಪ ಹೇಳಿದೆ.

ನೀರು ಮಾರನೇ ದಿನ ಇಳಿಯಿತು. ಬಿಟ್ಟುಹೋದದ್ದು ಕಪ್ಪು ಕೆಸರು, ಪ್ಲಾಸ್ಟಿಕ್ಕು, ಮೆಟ್ಟಿಲ ಕೆಳಗಿನ ಮೂಲೆಯಲ್ಲಿ ಸತ್ತ ಎರಡು ಇಲಿ. ಫ್ಯಾಕ್ಟರಿಗೆ ರಜೆ ಹೇಳಿದೆ. ನಾನು ಸ್ಟೋರ್ಸಿನವನು, ಗಮ್‌ಬೂಟಿಗೂ ರಬ್ಬರ್ ಗ್ಲೌಸಿಗೂ ನನಗೆ ಬರವಿಲ್ಲ. ಮೊಣಕಾಲವರೆಗಿನ ಹಳದಿ ಬೂಟು ಮನೆಯಲ್ಲೇ ಇತ್ತು. ಅದನ್ನು ಹಾಕಿಕೊಂಡು ರಸ್ತೆಯಲ್ಲಿ ಠೀವಿಯಿಂದ ಓಡಾಡಿದೆ. ಮನೆ ಬಾಗಿಲಿಗೆ ಬಂದ ಕೂಡಲೇ ಹೊಸ್ತಿಲ ಪಕ್ಕದಲ್ಲಿ ಎರಡನ್ನೂ ಜೋಡಿಸಿಟ್ಟು, ಬರಿಗಾಲಲ್ಲಿ ಒಳಗೆ ಹೋದೆ.

ಇದನ್ನು ಓದಿದರೆ ಹೊರಗಿನವರು ನನ್ನನ್ನು ಹುಚ್ಚ ಎಂದಾರು. ನಮ್ಮ ಕಡೆಯವರು ಅನ್ನಲಾರರು. ಒಳಗೆ ದೇವರ ಮನೆ ಇದೆ. ನಾನು ಕಟ್ಟಿಕೊಂಡ ಲಿಂಗದ ಪೂಜೆ ದಿನವೂ ಅಲ್ಲೇ ಕೂತು ಮಾಡುವುದು. ಹುಟ್ಟಿದಾಗಿನಿಂದ ಚಪ್ಪಲಿ ಕಾಲಲ್ಲಿ ಹೊಸ್ತಿಲು ದಾಟಿದವನಲ್ಲ. ಮನೆ ತುಂಬ ಮೋರಿಯ ಕೆಸರಿದ್ದರೂ ನನ್ನ ಕಾಲಿಗೆ ಅದು ಮನೆಯೇ ಆಗಿತ್ತು. ಯೋಚಿಸಿ ಮಾಡಿದ್ದಲ್ಲ, ಕೈ ತಾನಾಗಿ ಬೂಟು ಕಳಚಿತು.

ಎರಡನೇ ದಿನ ಬ್ಲೀಚಿಂಗ್ ಪೌಡರ್ ಹಂಚುತ್ತಾ ಆಶಾ ಕಾರ್ಯಕರ್ತೆ ಮಂಜುಳಮ್ಮ ಬಂದರು. ಬಾಗಿಲಲ್ಲಿ ನಿಂತು ಬೂಟನ್ನೂ ನೋಡಿದರು, ನನ್ನ ಕಾಲನ್ನೂ ನೋಡಿದರು.

"ಇದೇನ್ ಸಾರ್, ಬೂಟ್ ಹೊರಗ್ ಬಿಟ್ಟು ಒಳಗ್ ಬರಿಗಾಲಲ್ಲಿ ಗಲೀಜ್ ಬಳೀತಿದೀರಲ್ಲ! ಹಿಮ್ಮಡಿ ನೋಡಿ, ಹೆಂಗ್ ಒಡ್ದಿದೆ. ಇಲಿ ಉಚ್ಚೆ, ನಾಯಿ ಉಚ್ಚೆ, ಎಲ್ಲಾ ಇದ್ರಲ್ಲೇ ಇರ್ತದೆ."

"ದೇವ್ರ ಮನೆ ಇದೆ ಕಣಮ್ಮ."

"ದೇವ್ರೇನ್ ಬೇಜಾರ್ ಮಾಡ್ಕೊಳಲ್ಲ ಬುಡಿ. ಹಾಕ್ಕೊಳಿ. ಜ್ವರ ಬಂದ್ರೆ ಮಾತ್ರ ಮರೀದೆ ಹೇಳಿ, ನೀರಲ್ಲಿದ್ದೆ ಅಂತ. ಯಾವ್ ಡಾಕ್ಟ್ರ ಹತ್ರ ಹೋದ್ರೂ ಅದನ್ನೇ ಮೊದ್ಲು ಹೇಳ್ಬೇಕು."

ಒಳಗೆ ಬನ್ನಿ, ಒಂದು ಲೋಟ ನೀರು ಕುಡಿದು ಹೋಗಿ ಎಂದೆ. ಹೊಸ್ತಿಲ ಬಳಿ ಬಂದ ಮಂಜುಳಮ್ಮ ತಮ್ಮ ಚಪ್ಪಲಿ ಬಿಟ್ಟು ಒಂದು ಕಾಲು ಒಳಗಿಟ್ಟರು. ಆಮೇಲೆ ತಾವೂ ಬರಿಗಾಲಾದದ್ದು ಅರಿವಾಗಿ ಹಿಂದೆ ಸರಿದರು. ಇಬ್ಬರೂ ಹೊಟ್ಟೆ ಹಿಡಿದು ನಕ್ಕೆವು. ಆ ಇಡೀ ವಾರದಲ್ಲಿ ನಾನು ಇನ್ನೊಬ್ಬರ ಜೊತೆ ನಕ್ಕದ್ದು ಅದೊಂದೇ ಸಲ. ಅವರು ಹೋದ ಮೇಲೆ ಬೂಟು ಹಾಕಿಕೊಳ್ಳೋಣ ಅಂದುಕೊಂಡೆ. ಹಾಕಿಕೊಳ್ಳಲಿಲ್ಲ.

ನಾಲ್ಕು ದಿನ ಬಳಿದೆ, ಉಜ್ಜಿದೆ. ಗಿರಿಜಳ ಟ್ರಂಕಿನ ಅಂಚು ತಗುಲಿ ಕಾಲು ಕುಯ್ದುಕೊಂಡಿತು, ಅರಿಶಿನ ಒತ್ತಿ ಕೆಲಸ ಮುಂದುವರಿಸಿದೆ. ಟ್ರಂಕಿನೊಳಗೆ ಅವಳ ಸೀರೆಗಳೆಲ್ಲ ಒಂದರ ಬಣ್ಣ ಒಂದಕ್ಕೆ ಹತ್ತಿ ಕುಳಿತಿದ್ದವು. ಮಹಡಿಯ ಮೇಲೆ ಹಗ್ಗ ಕಟ್ಟಿ ಹರವಿ, ಅವುಗಳ ಮುಂದೆ ಕೂತು ಅತ್ತೆ. ಅಳುವುದಕ್ಕೆ ಸೀರೆ ಒಂದು ನೆಪ. ಇಷ್ಟು ದೊಡ್ಡ ಅನಾಹುತವಾಗಿದೆ ಎಂದು ಯಾರ ಹತ್ತಿರವಾದರೂ ಬಾಯಿಬಿಟ್ಟು ಹೇಳಬೇಕಿತ್ತು. ಹೇಳಬೇಕಾದವಳಿಗೇ ಹೇಳುವಂತಿರಲಿಲ್ಲ.

ಜ್ವರ ಬಂದದ್ದು ಆಮೇಲೆ ಒಂದು ವಾರಕ್ಕೆ. ಅಂಥ ಜ್ವರ ನಾನು ಕಂಡಿರಲಿಲ್ಲ. ಮೈ ಬಿಸಿಗಿಂತ ಮೀನಖಂಡದ ನೋವು ಹೆಚ್ಚು. ಬಚ್ಚಲಿಗೆ ಹೋಗಲು ಗೋಡೆ ಹಿಡಿಯಬೇಕಿತ್ತು. ಕಣ್ಣು ಕೆಂಪಗೆ ಕೆಂಡವಾಗಿದ್ದವು. ದನಿ ಕೇಳಿಯೇ ಗಿರಿಜಳಿಗೆ ಗೊತ್ತಾಯಿತು. ಡಾಕ್ಟರ ಹತ್ತಿರ ಹೋಗಲೇಬೇಕು ಎಂದು ಹಟ ಹಿಡಿದಳು. ಹೋಗಿ ಬೆಂಚಿನ ಮೇಲೆ ಕೂತಿದ್ದಾಗ ಮತ್ತೆ ಫೋನು ಮಾಡಿ, "ನೀವು ಸರಿಯಾಗಿ ಹೇಳಲ್ಲ. ಒಳಗೆ ಹೋದ್ಮೇಲೆ ಸ್ಪೀಕರ್ ಹಾಕಿ, ನಾನೇ ಕೇಳ್ತೀನಿ," ಅಂದಳು.

ಹಾಗೆ, ನಮ್ಮ ಮನೆ ಹತ್ತಿರದ ಆ ಪುಟ್ಟ ಕ್ಲಿನಿಕ್ಕಿನಲ್ಲಿ, ಡಾಕ್ಟರ ಮೇಜಿನ ಮೇಲೆ ನನ್ನ ಫೋನು ಮಲಗಿತ್ತು. ಗಿರಿಜ ಜ್ವರ ಎಷ್ಟು ದಿನದಿಂದ, ಊಟ ಸೇರುತ್ತಿದೆಯೋ ಇಲ್ಲವೋ, ಎಲ್ಲ ಚಾಚೂ ತಪ್ಪದೆ ಹೇಳಿದಳು. ಡಾಕ್ಟರು ನನ್ನ ಕಣ್ಣಿನ ರೆಪ್ಪೆ ಎಳೆದು ನೋಡಿದರು.

"ಮಳೆ ನೀರಲ್ಲಿ ಏನಾದ್ರೂ ಓಡಾಡಿದ್ರಾ? ಮನೆಗೆ ನೀರು ನುಗ್ಗಿತ್ತಾ?"

ಮಂಜುಳಮ್ಮನ ಮಾತು ಕಿವಿಯಲ್ಲೇ ಇತ್ತು. ಹೇಳಲು ಬಾಯಿ ತೆರೆದೆ. ಮೇಜಿನ ಮೇಲೆ ಫೋನಿನಲ್ಲಿ 'ಗಿರಿಜ' ಎಂದು ಹೆಸರು ಹೊಳೆಯುತ್ತಿತ್ತು.

"ಇಲ್ಲ ಸಾರ್," ಅಂದೆ. "ನಮ್ಮ ರೋಡಿಗೆ ನೀರು ಬಂದಿರ್ಲಿಲ್ಲ."

ಅವರು ತಲೆಯಾಡಿಸಿ ವೈರಲ್ ಜ್ವರಕ್ಕೆ ಮಾತ್ರೆ ಬರೆದುಕೊಟ್ಟರು. ಅವರ ಮೇಲೆ ನನಗೆ ಒಂದು ಚೂರೂ ದೂರಿಲ್ಲ. ಕೇಳಬೇಕಾದ ಪ್ರಶ್ನೆ ಕೇಳಿದ್ದರು.

ಜ್ವರ ಇಳಿದ ಹಾಗಾಯಿತು, ಕಣ್ಣು ಹಳದಿಯಾಯಿತು. ಕನ್ನಡಿ ನೋಡಿ ಹೆದರಿದೆ. ಆದರೆ ಹಳದಿ ಎಂದ ಕೂಡಲೇ ನಮ್ಮ ಕಡೆಯವರಿಗೆ ಆಸ್ಪತ್ರೆ ನೆನಪಾಗುವುದಿಲ್ಲ. ಕಾಮಾಲೆಗೆ ಇಂಗ್ಲಿಷ್ ಔಷಧಿ ಇಲ್ಲ, ಸೊಪ್ಪಿನ ಔಷಧಿಯೇ ಆಗಬೇಕು ಎಂದು ಕೇಳಿಕೊಂಡೇ ಬೆಳೆದವರು ನಾವು. ಗುಬ್ಬಿಯಲ್ಲಿ ನನ್ನ ಅಕ್ಕನ ಮನೆಯಿದೆ. ಅಲ್ಲಿಂದ ಸ್ವಲ್ಪ ದೂರದ ಹಳ್ಳಿಯಲ್ಲಿ ಕಾಮಾಲೆಗೆ ಔಷಧಿ ಕೊಡುವವರಿದ್ದಾರೆ. ಮೂರು ಬೆಳಗ್ಗೆ ಬರಿಹೊಟ್ಟೆಯಲ್ಲಿ ಸೊಪ್ಪಿನ ರಸ, ಉಪ್ಪು ಎಣ್ಣೆ ಬಿಟ್ಟು ಪಥ್ಯ. ಗಿರಿಜಳಿಗೆ 'ಅಕ್ಕನ ಮನೇಲಿ ಎರಡು ದಿನ ರೆಸ್ಟ್ ತಗೊಂಡು ಬರ್ತೀನಿ' ಎಂದು ಹೇಳಿ ಗುಬ್ಬಿ ಬಸ್ಸು ಹತ್ತಿದೆ.

ಅಕ್ಕ ನನ್ನ ಮುಖ ನೋಡಿ ಬಾಗಿಲಲ್ಲೇ ನಿಂತುಬಿಟ್ಟಳು. "ಏನ್ಲಾ ನಾಗ, ಹಿಂಗಾಗಿದೀಯಾ!"

ಅವಳಿಗೆ ಎಲ್ಲ ಹೇಳಿದೆ. ನೀರು ನುಗ್ಗಿದ್ದು, ಸೀರೆ ಹಾಳಾದದ್ದು, ಎಲ್ಲ. ಹೇಳುತ್ತಾ ಹೇಳುತ್ತಾ ಮೈ ಹಗುರಾಯಿತು.

"ಗಿರಿಜಂಗೆ ಹೇಳಿಲ್ವೇನೋ?"

"ಹೇಳಿಲ್ಲ. ನೀನೂ ಹೇಳ್ಬೇಡ."

"ಕಟ್ಕೊಂಡೋಳಿಗೆ ಹೇಳ್ದೇ ಇರ್ತಾರೇನೋ? ನಂಗ್ಯಾಕೋ ಇದು ಸರಿ ಕಾಣಲ್ಲ ಬುಡು," ಎಂದಳು. ನಾನು ಕೈ ಹಿಡಿದು ಆಣೆ ಹಾಕಿಸಿಕೊಂಡೆ. ಹಾಸಿಗೆ ಹಿಡಿದ ತನ್ನ ಅತ್ತೆಯನ್ನು ನೋಡಿಕೊಳ್ಳುತ್ತಾ, ಅದರ ನಡುವೆಯೇ ನನಗೆ ಉಪ್ಪಿಲ್ಲದ ಗಂಜಿ ಮಾಡಿ ಕೊಟ್ಟಳು.

ಮೂರು ಬೆಳಗ್ಗೆ ಆ ಹಸಿರು ರಸ ಕುಡಿದೆ. ಮೂರನೇ ದಿನದ ಹೊತ್ತಿಗೆ ಒಂದು ವಿಷಯ ಗಮನಕ್ಕೆ ಬಂತು. ಉಚ್ಚೆ ಬರುತ್ತಿರಲಿಲ್ಲ. ಬೆಳಗಿನಿಂದ ಬಂದದ್ದು ಕಾಫಿ ಡಿಕಾಕ್ಷನ್ ಬಣ್ಣದ ಒಂದು ಚಮಚೆಯಷ್ಟು. ಮುಖ ಊದಿಕೊಂಡಿತ್ತು. ಬಿಕ್ಕಳಿಕೆ ಹತ್ತಿದ್ದು ನಿಲ್ಲಲಿಲ್ಲ. ಇದು ಸೊಪ್ಪಿನಲ್ಲಿ ಹೋಗುವಂಥದ್ದಲ್ಲ ಎಂದು ಯಾರೂ ಹೇಳಬೇಕಾಗಿರಲಿಲ್ಲ. ಅಕ್ಕ ಜೊತೆಗೆ ಬರುತ್ತೇನೆಂದು ಹೊರಟಳು. ಅತ್ತೆಯನ್ನು ಬಿಟ್ಟು ಹೇಗೆ ಬರುತ್ತೀಯ, ನನಗೆ ಈಗ ಪರವಾಗಿಲ್ಲ ಎಂದು ಅವಳಿಗೂ ಒಂದು ಸುಳ್ಳು ಹೇಳಿ ಬಸ್ಸು ಹತ್ತಿದೆ. ಕಿಟಕಿ ಪಕ್ಕ ಕೂತು ಎರಡು ಸಲ ವಾಂತಿ ಮಾಡಿಕೊಂಡೆ. ಪಕ್ಕದಲ್ಲಿದ್ದವರು ಎದ್ದು ಬೇರೆ ಸೀಟಿಗೆ ಹೋದರು.

ಬಸ್‌ಸ್ಟ್ಯಾಂಡಿನಿಂದ ಆಟೋದಲ್ಲಿ ನೇರ ದೊಡ್ಡ ಆಸ್ಪತ್ರೆಗೆ ಹೋದೆ.

"ಜೊತೇಲಿ ಯಾರ್ ಬಂದಿದಾರೆ?" ಚೀಟಿ ಕೌಂಟರಿನಲ್ಲಿ ಕೇಳಿದರು.

"ಬರ್ತಾರೆ," ಅಂದೆ.

ರಕ್ತ ಕೊಡುವಲ್ಲಿ ಕೇಳಿದರು. ಸ್ಕ್ಯಾನಿಂಗಿನಲ್ಲಿ ಕೇಳಿದರು. ವೀಲ್‌ಚೇರು ತಳ್ಳುವ ಆಯಾ ಕೇಳಿದಳು. ಎಲ್ಲರಿಗೂ 'ಬರ್ತಾರೆ' ಅಂದೆ. ಆಸ್ಪತ್ರೆಯಲ್ಲಿ ರೋಗಿಗೆ ಎಷ್ಟು ಬೆಲೆಯೋ ಜೊತೆಗಿರುವವರಿಗೂ ಅಷ್ಟೇ ಬೆಲೆ ಎನ್ನುವುದು ಒಬ್ಬನೇ ಹೋದಾಗಲೇ ಗೊತ್ತಾಗುವುದು. ಔಷಧಿ ತರಲು, ರಿಪೋರ್ಟು ತರಲು, ಬ್ಯಾಗು ಹಿಡಿದುಕೊಳ್ಳಲು, ಏನೂ ಇಲ್ಲದಿದ್ದರೆ ಬಾಗಿಲ ಹೊರಗೆ ಸುಮ್ಮನೆ ಕೂರಲು ಒಬ್ಬರು ಬೇಕು. ಉದ್ದನೆಯ ಕಾರಿಡಾರಿನಲ್ಲಿ ಎಲ್ಲರ ಪಕ್ಕದಲ್ಲೂ ಒಬ್ಬೊಬ್ಬರಿದ್ದರು. ಒಬ್ಬ ಮುದುಕನಿಗೆ ಮಗಳು ಕಿತ್ತಳೆ ಬಿಡಿಸಿ ಕೊಡುತ್ತಿದ್ದಳು. ಬೀಜ ತೆಗೆದು, ನಾರು ತೆಗೆದು, ಒಂದೊಂದೇ ತೊಳೆ. ಅದನ್ನೇ ನೋಡುತ್ತಾ ಕೂತೆ. ಜೇಬಿನಲ್ಲಿ ಫೋನಿತ್ತು, ಒಂದು ಬಟನ್ ಒತ್ತಿದರೆ ಸಾಕಿತ್ತು. ಒತ್ತಲಿಲ್ಲ. ಅಷ್ಟು ಕಾಯಿಲೆಯಲ್ಲೂ ನನಗೆ ಸಾವಿಗಿಂತ ಅವಳ ಮುಂದೆ ತಪ್ಪೊಪ್ಪಿಕೊಳ್ಳುವುದೇ ಹೆಚ್ಚು ಭಯವಾಗಿತ್ತು. ಈಗ ನೆನೆಸಿಕೊಂಡರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಸಾಯಂಕಾಲದೊಳಗೆ ರಿಪೋರ್ಟು ಬಂತು. ಡಾಕ್ಟರು ನನ್ನದೇ ವಯಸ್ಸಿನ ಹೆಂಗಸು, ಮಾತಿನಲ್ಲಿ ಸುತ್ತುಬಳಸಿಲ್ಲ. "ಕಿಡ್ನಿ ಕೆಲಸ ಮಾಡ್ತಿಲ್ಲ. ಇವತ್ತೇ ಡಯಾಲಿಸಿಸ್ ಶುರು ಮಾಡ್ಬೇಕು. ಮನೆಯವ್ರು ಸಹಿ ಹಾಕ್ಬೇಕಲ್ಲ, ಎಲ್ಲಿದಾರೆ?"

"ನಾನೇ ಹಾಕ್ತೀನಿ ಮೇಡಂ."

"ನಿಮ್ಗೆ ಪೆನ್ ಹಿಡಿಯೋಕ್ಕಾಗ್ತಿದೆಯಾ?"

ಆಗುತ್ತಿರಲಿಲ್ಲ. ನರ್ಸು ನನ್ನ ಶರ್ಟಿನ ಜೇಬಿನಿಂದ ಫೋನು ತೆಗೆದು, ನನ್ನ ಹೆಬ್ಬೆರಳನ್ನೇ ಒತ್ತಿಸಿ ತೆರೆದಳು. ಗಿರಿಜಳಿಂದ ಆರು ಮಿಸ್ಡ್ ಕಾಲ್ ಇದ್ದವು. ನರ್ಸೇ ಆ ನಂಬರಿಗೆ ಫೋನು ಮಾಡಿದಳು.

ಗಿರಿಜ ಬರುವ ಹೊತ್ತಿಗೆ ದೀಪ ಹಚ್ಚಿದ್ದರು. ಕುಣಿಗಲ್ಲಿನಿಂದ ಕಾರು ಮಾಡಿಕೊಂಡು ಉಟ್ಟ ಸೀರೆಯಲ್ಲೇ ಬಂದಿದ್ದಳು. ನನ್ನ ಹಳದಿ ಮುಖ, ಊದಿದ ಕಣ್ಣು ನೋಡಿ ಬಾಯಿಗೆ ಸೆರಗು ಹಿಡಿದುಕೊಂಡಳು. ಆಮೇಲೆ ಟೀಚರಮ್ಮ ಆದಳು. ಜ್ವರ ಯಾವತ್ತು ಬಂತು, ಯಾವ ಮಾತ್ರೆ, ಎಲ್ಲವನ್ನೂ ಡಾಕ್ಟರಿಗೆ ದಿನಾಂಕ ಸಮೇತ ಹೇಳಿದಳು.

"ಕಾಲು ನೋವು, ಕಣ್ಣು ಕೆಂಪು, ಕಾಮಾಲೆ, ಕಿಡ್ನಿ. ಇದು ನೋಡಿದ್ರೆ ಇಲಿ ಜ್ವರದ ಥರ ಕಾಣ್ತಿದೆ," ಅಂದರು ಡಾಕ್ಟರು. "ಮನೆಗೆ ನೀರು ನುಗ್ಗಿತ್ತಾ?"

"ಇಲ್ಲ ಡಾಕ್ಟ್ರೇ," ಎಂದು ಗಿರಿಜ ತಡಮಾಡದೆ ಉತ್ತರ ಕೊಟ್ಟಳು. "ನಮ್ಮ ರೋಡಿಗೆ ನೀರು ಬಂದಿರ್ಲಿಲ್ಲ. ಹಿಂದಿನ ರೋಡಿಗೆ ಬಂದಿತ್ತು. ಇವ್ರು ನೀರಿಗೆ ಇಳ್ದೇ ಇಲ್ಲ."

ನನ್ನ ಸುಳ್ಳನ್ನು ನನ್ನ ಪರವಾಗಿ ಅವಳು ಅಷ್ಟು ನಂಬಿಕೆಯಿಂದ ಹೇಳಿದಳು. ಡಾಕ್ಟರು ಕಾಗದದ ಮೇಲೆ ಬರೆದದ್ದನ್ನು ಹೊಡೆದು ಹಾಕಲು ಪೆನ್ನು ಎತ್ತಿದರು. ಇನ್ನು ಸುಮ್ಮನಿದ್ದರೆ ಸತ್ತೇಹೋಗುತ್ತೇನೆ ಎಂದು ಆಗ ಖಚಿತವಾಯಿತು.

"ಬಂದಿತ್ತು," ಅಂದೆ. ಬಿಕ್ಕಳಿಕೆಯಲ್ಲಿ ಮಾತು ತುಂಡು ತುಂಡಾಗಿ ಬಂತು. "ಮೊಣಕಾಲ್ ಮಟ್ಟ. ಒಳಗೇ. ನಾಲ್ಕು ದಿನ ಬರಿಗಾಲಲ್ಲಿ ತೊಳ್ದೆ. ಕಾಲೂ ಕುಯ್ದಿತ್ತು."

ಡಾಕ್ಟರು ಪೆನ್ನು ಕೆಳಗಿಟ್ಟು ನರ್ಸಿಗೆ ಇಂಜೆಕ್ಷನ್ ಹೆಸರು ಹೇಳಿದರು. ಗಿರಿಜ ನನ್ನನ್ನು ನೋಡಿದಳು. ಬೈಯುತ್ತಾಳೆ ಎಂದುಕೊಂಡೆ. ಬೈಯಲಿಲ್ಲ. ಸಹಿ ಹಾಕುವ ಕಾಗದ ಎಲ್ಲಿದೆ ಎಂದು ಕೇಳಿ, ಹಾಕಿ, ಹೊರಗೆ ಹೋದಳು.

ಡಯಾಲಿಸಿಸ್ ಕೋಣೆಯ ಬಗ್ಗೆ ಯಾರಾದರೂ ಕೇಳಿದರೆ ನಾನು ಹೇಳುವುದು ಚಳಿ. ರಕ್ತ ಮೈಯಿಂದ ಹೊರಗೆ ಹೋಗಿ ಸುತ್ತಾಡಿ ಬರುವುದನ್ನು ನೋಡುತ್ತಾ ಮಲಗಿದರೆ ಎಲುಬಿನೊಳಗಿಂದ ನಡುಕ ಬರುತ್ತದೆ. ಪಕ್ಕದ ಮಂಚದಲ್ಲಿ ಕೋರ ಎಂಬ ಊರಿನ ಒಬ್ಬ ರೈತ ಇದ್ದರು, ವಾರಕ್ಕೆ ಎರಡು ಸಲ ಬರುವವರು.

"ಮೊದ್ಲ ಸಲವಾ?" ಎಂದು ಕೇಳಿದರು. "ಮಿಷಿನ್ ಕಡೆ ನೋಡ್ಬೇಡ ಕಣಪ್ಪ. ಕಾಲಿಗೆ ಕಂಬ್ಳಿ ಸುತ್ತುಸ್ಕೊ. ಅಷ್ಟ್ ಮಾಡಿದ್ರೆ ಅರ್ಧ ಕಷ್ಟ ಕಳೀತದೆ."

ಆಯಾಳನ್ನು ಅವರೇ ಕೂಗಿದರು. ಅವಳು ಹಳೆಯ ಕಂಬಳಿಯೊಂದನ್ನು ತಂದು ನನ್ನ ಎರಡೂ ಪಾದಗಳನ್ನು ಮಗುವಿನ ಕಾಲು ಸುತ್ತುವ ಹಾಗೆ ಸುತ್ತಿ, ಮೇಲಿಂದ ಒಮ್ಮೆ ತಟ್ಟಿ ಹೋದಳು. ಅವಳ ಹೆಸರು ಕೇಳಲಿಲ್ಲವಲ್ಲ ಎಂದು ಈಗಲೂ ಕೊರಗಿದೆ.

ಗಿರಿಜ ರಜೆ ಹಾಕಿ ಹನ್ನೆರಡು ದಿನ ಆಸ್ಪತ್ರೆಯಲ್ಲೇ ಇದ್ದಳು. ಮಗಳನ್ನು ಕುಣಿಗಲ್ಲಿನ ಮನೆಯ ಓನರಮ್ಮ ನೋಡಿಕೊಂಡರು. ಮಾತ್ರೆ, ಗಂಜಿ, ಬಟ್ಟೆ, ಯಾವುದಕ್ಕೂ ಕೊರತೆ ಮಾಡಲಿಲ್ಲ. ಮಾತು ಮಾತ್ರ ಬೇಕಾದಷ್ಟೇ. 'ಬಾಯಿ ತೆಗೀರಿ.' 'ಪಕ್ಕಕ್ಕೆ ತಿರುಗಿ.' ನಾನು ಕಾರಿಡಾರಿನಲ್ಲಿ ಒಬ್ಬನೇ ಕೂತಿದ್ದಾಗ ಇಷ್ಟು ಒಂಟಿ ಅನ್ನಿಸಿರಲಿಲ್ಲ. ಅವಳು ಒಂದು ಮೊಳದ ದೂರದಲ್ಲಿ ಸ್ಟೂಲಿನ ಮೇಲೆ ಕೂತಿರುತ್ತಿದ್ದಳು, ನನಗೆ ಕೈ ಚಾಚಲು ಧೈರ್ಯ ಬರುತ್ತಿರಲಿಲ್ಲ. ಅಕ್ಕ ನೋಡಲು ಬಂದು ಹೋದ ದಿನ, ಅಕ್ಕನಿಗೆ ಮೊದಲೇ ಗೊತ್ತಿತ್ತು ಎನ್ನುವುದೂ ಹೊರಬಿತ್ತು.

ಅವತ್ತು ಗಿರಿಜ ಮಾತಾಡಿದಳು. ಗೋಡೆ ನೋಡುತ್ತಾ, ಮೆಲ್ಲಗೆ.

"ಮನೆ ಮುಳುಗಿದ್ರೆ ನಾನೇನ್ ನಿಮ್ಮನ್ನ ನೇಣಿಗೆ ಹಾಕ್ತಿದ್ನಾ? ಇಬ್ರೂ ಸೇರಿ ಬಳೀತಿದ್ವಿ. ನೀವು ಸತ್ತೋಗಿದ್ರೆ, ಯಾಕ್ ಸತ್ರಿ ಅಂತ್ಲೂ ನಂಗೆ ಗೊತ್ತಾಗ್ತಿರ್ಲಿಲ್ಲ. ಕೇಳಿದೋರಿಗೆಲ್ಲಾ ನಮ್ಮ ರೋಡಿಗೆ ನೀರು ಬಂದಿರ್ಲಿಲ್ಲ ಅಂತ ಹೇಳ್ಕೊಂಡು ತಿರುಗ್ತಿದ್ದೆ."

ನಾನು ಏನೋ ಹೇಳಲು ಹೊರಟೆ. ಅವಳು ನೀರಿನ ಬಾಟಲು ತುಂಬಿಸಿಕೊಂಡು ಬರುತ್ತೇನೆಂದು ಎದ್ದು ಹೋದಳು.

ನಾಲ್ಕನೇ ಡಯಾಲಿಸಿಸ್ ಆದ ಮಾರನೇ ದಿನ ಉಚ್ಚೆ ಬಂತು. ಅಳತೆಯ ಪ್ಲಾಸ್ಟಿಕ್ ಜಾರಿನಲ್ಲಿ ಹಿಡಿದು ಗಿರಿಜ ಕಿಟಕಿಯ ಬೆಳಕಿಗೆ ಎತ್ತಿ ನೋಡಿದಳು. "ಇನ್ನೂರು," ಅಂದಳು. ಮಾರನೇ ದಿನ, "ಐನೂರು." ಅದರ ಮಾರನೇ ದಿನ ಜಾರು ತುಂಬಿ ಇನ್ನೊಂದು ತರಬೇಕಾಯಿತು. ನರ್ಸುಗಳು ನಕ್ಕರು. ಗಿರಿಜ ಎರಡು ಜಾರು ಎರಡು ಕೈಯಲ್ಲಿ ಹಿಡಿದು ನಿಂತವಳು, ನಗಬೇಕೋ ಬೇಡವೋ ಗೊತ್ತಾಗದೆ ಮುಖ ಆಚೆ ತಿರುಗಿಸಿದಳು. ಅವಳ ಹೆಗಲು ಅಲುಗುತ್ತಿತ್ತು. ನಗುವೋ ಅಳುವೋ ನನಗೆ ಕಾಣಲಿಲ್ಲ.

ಮನೆಗೆ ಬಂದೆವು. ಹಾಳಾದ ಸೀರೆಗಳನ್ನು ಅವಳು ಮಡಿಚಿ ಮತ್ತೆ ಟ್ರಂಕಿನಲ್ಲೇ ಇಟ್ಟಳು. ರಜೆ ಮುಗಿದು ಕುಣಿಗಲ್ಲಿಗೆ ಹೋದಳು. ನನಗೆ ಇನ್ನೂ ಒಂದು ತಿಂಗಳು ಕೆಲಸವಿಲ್ಲ. ಬೆಳಗ್ಗೆ ಎದ್ದು ಬಿಸಿಲಲ್ಲಿ ಕೂರುವುದು, ಕಣ್ಣಿನ ಬಿಳುಪು ನೋಡಿಕೊಳ್ಳುವುದು, ಗಂಜಿ ಇಡುವುದು. ಅಕ್ಕಪಕ್ಕದವರು ಗೇಟಿನಾಚೆಯಿಂದಲೇ ವಿಚಾರಿಸುತ್ತಿದ್ದರು. ಮಂಜುಳಮ್ಮ ಒಬ್ಬರೇ ಒಳಗೆ ಬಂದು ಕೂತು ಕಾಫಿ ಕುಡಿದು, ನನ್ನ ಹೆಸರನ್ನು ಅವರ ಪುಸ್ತಕದಲ್ಲಿ ಬರೆದುಕೊಂಡರು. ಈಗ ಪ್ರತಿ ಮನೆಯಲ್ಲೂ ನನ್ನ ಕಥೆ ಹೇಳಿಯೇ ಬೂಟು ಹಾಕಿಸುತ್ತಾರಂತೆ. ಹೇಳಲಿ.

ಗಿರಿಜ ಬರುವ ಶನಿವಾರಗಳು ಕಮ್ಮಿಯಾದವು. ಒಂದು ವಾರ ಪೇಪರ್ ತಿದ್ದುವುದಿದೆ. ಇನ್ನೊಂದು ವಾರ ಮಗಳಿಗೆ ಟೆಸ್ಟು. ಮತ್ತೊಂದು ವಾರ ಕಾರಣವನ್ನೇ ಹೇಳಲಿಲ್ಲ. ಫೋನಿನಲ್ಲಿ 'ಊಟ ಆಯ್ತಾ' ಎಂದು ಕೇಳುತ್ತಿದ್ದಳು, ನಾನು 'ಆಯ್ತು' ಎನ್ನುತ್ತಿದ್ದೆ. ನಾನು ಹೇಳಿದ್ದನ್ನು ಅವಳು ನಂಬಿದಳೋ ಇಲ್ಲವೋ ಎಂದು ಪ್ರತಿ ಸಲ ಅನುಮಾನ. ಆಯ್ತು ಎಂದಾಗ ನಿಜವಾಗಿ ಊಟ ಆಗಿರುತ್ತಿತ್ತು. ಆದರೂ ಸುಳ್ಳು ಹೇಳಿದ ಹಾಗೇ ಅನ್ನಿಸುತ್ತಿತ್ತು. ಬಾ ಎಂದು ಕರೆಯಲು ನನಗೆ ಬಾಯಿ ಬರುತ್ತಿರಲಿಲ್ಲ. ಯಾವ ಮುಖ ಇಟ್ಟುಕೊಂಡು ಕರೆಯಲಿ?

ಈ ವರ್ಷ ಮತ್ತೆ ಮಳೆ ಹಿಡಿಯಿತು. ಮೂರು ದಿನ ಬಿಡಲಿಲ್ಲ. ಈ ವಾರ ಬರೋದಿಲ್ಲ ಎಂದು ಗಿರಿಜ ಗುರುವಾರವೇ ಹೇಳಿದ್ದಳು. ಶನಿವಾರ ಮಧ್ಯಾಹ್ನ ಫ್ಯಾಕ್ಟರಿಯಿಂದ ಬೇಗ ಬಂದೆ. ರಸ್ತೆ ತುಂಬ ನೀರು, ಗೇಟು ದಾಟಿ ಮೊದಲನೇ ಮೆಟ್ಟಿಲು ಮುಟ್ಟಿತ್ತು. ಮೆಟ್ಟಿಲ ಮೇಲೆ ನಿಂತವನಿಗೆ ಒಳಗೆ ಹೋಗಲೂ ಆಗಲಿಲ್ಲ, ಹೊರಗೆ ಹೋಗಲೂ ಆಗಲಿಲ್ಲ. ಆ ವಾಸನೆಗೇ ಮೀನಖಂಡ ನೋಯತೊಡಗಿತು. ಫೋನು ಬಂತು.

"ಮಳೆ ಹೆಂಗಿದೆ ಅಲ್ಲಿ?"

"ಇದೆ," ಅಂದೆ.

"ನೀರು?"

'ಏನಿಲ್ಲ' ಎನ್ನುವ ಮಾತು ನಾಲಿಗೆಯ ತುದಿಗೇ ಬಂದಿತ್ತು. ಹೇಳಿದ್ದರೆ ಅವಳು ಫೋನಿಡುತ್ತಿದ್ದಳು, ನಾನು ಹೇಗೋ ನಿಭಾಯಿಸುತ್ತಿದ್ದೆ.

"ಬಂದಿದೆ ಗಿರಿಜ. ಮೆಟ್ಟಿಲು ಮುಟ್ಟಿದೆ." ದನಿ ನಡುಗಿತು, ನಡುಗಲಿ ಎಂದು ಬಿಟ್ಟೆ. "ನಂಗೆ ಹೆದ್ರಿಕೆ ಆಗ್ತಿದೆ ಕಣೇ. ಒಬ್ನೇ ಇರೋಕ್ಕಾಗಲ್ಲ. ನೀನು ಬಾ."

ಆ ಕಡೆಯಿಂದ ಏನೋ ಗುರುಗುಟ್ಟುವ ಸದ್ದು ಬರುತ್ತಿತ್ತು, ಸಿಗ್ನಲ್ ಸರಿ ಇಲ್ಲವೇನೋ ಅಂದುಕೊಂಡೆ. "ಗಿರಿಜ?" ಅಂದೆ.

"ಬಸ್ಸಲ್ಲಿದೀನಿ," ಅಂದಳು. "ಮಗಳನ್ನ ಓನರಮ್ಮನ ಹತ್ರ ಬಿಟ್ಟು ಹೊರಟೆ. ಹೆಬ್ಬೂರು ಬರ್ತಾ ಇದೆ."

"ಬರಲ್ಲ ಅಂದಿದ್ದೆಯಲ್ಲ?"

"ಬರ್ಲೋ ಬೇಡ್ವೋ ಅಂತ ಗೊತ್ತಿರ್ಲಿಲ್ಲ. ಇವತ್ತೂ ನಮ್ಮ ರೋಡಿಗೆ ನೀರು ಬಂದಿಲ್ಲ ಅಂದಿದ್ರೆ ಹೆಬ್ಬೂರಲ್ಲೇ ಇಳ್ಕೊಂಡು ವಾಪಸ್ ಬಸ್ ಹತ್ತೋಳಿದ್ದೆ. ಆಮೇಲೆ ಯಾವತ್ತೂ ಕೇಳ್ಬಾರ್ದು ಅಂತಿದ್ದೆ."

ಬಸ್ಸು ನಿಂತ ಸದ್ದು ಕೇಳಿಸಿತು. 'ಹೆಬ್ಬೂರು, ಹೆಬ್ಬೂರು, ಇಳ್ಯೋರು ಬನ್ನಿ' ಎಂದು ಕಂಡಕ್ಟರ್ ಕೂಗಿದ. ಯಾರ್ಯಾರೋ ಇಳಿದರು, ಮಕ್ಕಳ ದನಿ, ಕೊಡೆ ಬಿಚ್ಚಿದ ಸದ್ದು. ನಾನು ಫೋನನ್ನು ಕಿವಿಗೆ ಒತ್ತಿಕೊಂಡು, ಕಣ್ಣು ಮುಚ್ಚಿ, ಮೆಟ್ಟಿಲ ಮೇಲೆ ನಿಂತಿದ್ದೆ. ಎರಡು ಸಲ ವಿಸಿಲ್ ಕೇಳಿತು.

"ಹೊರಡ್ತು ಕಣ್ರೀ," ಅಂದಳು.